ನರಗುಂದದ ಬಾಬಾಸಾಹೇಬರು: ಬಾಳು ಮತ್ತು ಬಂಡಾಯ

ಲೋಕದಲ್ಲಿ ಕೆಲವರ ಕೀರ್ತಿ ಅವರ ಇಡೀ ಬಾಳಿನ ಕೃಷಿಯಿಂದ ಬಂದುದಾಗಿರುತ್ತದೆ. ಮತ್ತೆ ಕೆಲವರ ಹೆಸರು ಅವರ ಬಾಳಿನ ಒಂದೇ ಒಂದು ರಾತ್ರಿಯಿಂದ ನಿಲ್ಲುತ್ತದೆ. ನರಗುಂದ ಸಂಸ್ಥಾನದ ಕೊನೆಯ ಅಧಿಪತಿ ಭಾಸ್ಕರರಾವ ಭಾವೆ, ಅರ್ಥಾತ್ ನಮ್ಮ ಜನರ ಬಾಯಲ್ಲಿ ಇಂದಿಗೂ ಬಾಬಾಸಾಹೇಬರೆಂದು ನೆನೆಯಲ್ಪಡುವ ಪುರುಷರು, ಈ ಎರಡನೆಯ ವರ್ಗಕ್ಕೆ ಸೇರಿದವರು. 1858ನೆಯ ಇಸವಿಯ ಮೇ ತಿಂಗಳ 29ರ ರಾತ್ರಿ ಸುರೇಬಾನ ಗ್ರಾಮದಲ್ಲಿ ಕುಂಪಣಿ ಸರಕಾರದ ಪೊಲಿಟಿಕಲ್ ಏಜಂಟನಾದ ಚಾರ್ಲ್ಸ್ ಮ್ಯಾನ್ಸನ್ ಎಂಬ ಅಧಿಕಾರಿ ಅವರ ಕೈಯಿಂದ ಹತನಾದನು. ಆಳುವವರ ದಾಖಲೆಗಳಲ್ಲಿ ಇದಕ್ಕೆ ಕೊಲೆಯೆಂದು ಹೆಸರು. ಲಾವಣಿ ಕಟ್ಟಿ ಹಾಡಿದ ಜನರ ನಾಲಗೆಯಲ್ಲಿ ಬಂಡಾಯವೆಂದು ಹೆಸರು. ಒಂದೇ ಕೃತ್ಯಕ್ಕೆ ಎರಡು ಹೆಸರುಗಳು ಏಕೆ ಬಂದವು, ಗ್ರಂಥಗಳ ನಡುವೆ ಬಾಳಿದ ಪಂಡಿತಪ್ರಿಯನಾದ ಗೃಹಸ್ಥನೊಬ್ಬನು ನಡುರಾತ್ರಿಯಲ್ಲಿ ಖಡ್ಗ ಹಿರಿದು ಹೊರಡುವಂತಾದುದು ಹೇಗೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನರಗುಂದವು ನಮಗೆ ದೂರದ ನಾಡಲ್ಲ. 1997ರಲ್ಲಿ ಹಾವೇರಿ ಮತ್ತು ಗದಗ ಜಿಲ್ಲೆಗಳು ಬೇರೆಯಾಗುವವರೆಗೆ ಹಾನಗಲ್ಲೂ ನರಗುಂದವೂ ಧಾರವಾಡ ಜಿಲ್ಲೆಯೆಂಬ ಒಂದೇ ಮನೆಯ ಎರಡು ಅಂಗಳಗಳಾಗಿದ್ದವು. ನಮ್ಮದು ಮಲೆನಾಡಿನ ಸೆರಗು. ಕೆರೆ, ಬತ್ತ, ಹಸುರು. ಅವರದು ಎರೆಯ ಬಯಲು. ಬಿಳಿಜೋಳ, ಹತ್ತಿ, ಬಿರುಬಿಸಿಲು. ಆ ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತಿರುವ ಗುಡ್ಡವೇ ನರಗುಂದದ ಗುಡ್ಡ. ಅದರ ನೆತ್ತಿಯ ಮೇಲೆ 1674ರಲ್ಲಿ ಶಿವಾಜಿ ಮಹಾರಾಜರು ಕೋಟೆಯನ್ನು ಕಟ್ಟಿಸಿದರು. ಮುಂದೆ ಅದು ಭಾವೆ ಮನೆತನದವರ ವಶಕ್ಕೆ ಬಂದಿತು. ಊರಿನ ವೆಂಕಟೇಶ್ವರ ದೇವಾಲಯವು ಆ ಮನೆತನದ ಮೂಲಪುರುಷರಲ್ಲೊಬ್ಬರಾದ ರಾಮರಾವ ಭಾವೆಯವರು ಕಟ್ಟಿಸಿದ್ದು. ಈ ಮನೆತನದವರೇ ಕವಲೊಡೆದು ನರಗುಂದ, ರಾಮದುರ್ಗ ಎಂಬ ಎರಡು ಸಂಸ್ಥಾನಗಳನ್ನು ಆಳಿದರು.

ಆ ಕೋಟೆ ಬಾಬಾಸಾಹೇಬರಿಗಿಂತ ಮೊದಲೇ ಒಮ್ಮೆ ಭಾರಿ ಕಷ್ಟವನ್ನು ಕಂಡಿತ್ತು. ಹೈದರಾಲಿಯ ಕಾಲದಲ್ಲಿ ಕಪ್ಪ ಕೊಟ್ಟು ಉಳಿದುಕೊಂಡಿದ್ದ ನರಗುಂದದಿಂದ ಟಿಪ್ಪು ಸುಲ್ತಾನನು ಹೆಚ್ಚಿನ ಕಪ್ಪವನ್ನು ಕೇಳಿದನು. ಅಂದಿನ ಅಧಿಪತಿ ವೆಂಕಟರಾವ ಭಾವೆಯವರೂ ಅವರ ದಿವಾನ ಕಾಳೋಪಂತ ಪೇಠೆಯವರೂ ಒಪ್ಪಲಿಲ್ಲ. 1785ರಲ್ಲಿ ಮೈಸೂರಿನ ಸೈನ್ಯವು ಕೋಟೆಗೆ ಮುತ್ತಿಗೆ ಹಾಕಿತು. ನೀರಿಲ್ಲದೆ, ನೆರವು ಬಾರದೆ ಕೋಟೆ ಶರಣಾಯಿತು. ಇಬ್ಬರನ್ನೂ ಬೇಡಿ ತೊಡಿಸಿ ಕಬ್ಬಾಳದುರ್ಗಕ್ಕೆ ಒಯ್ಯಲಾಯಿತು. ಸಂಸ್ಥಾನ ಮತ್ತೆ ಮನೆತನದ ಕೈಸೇರಿತಾದರೂ ಆ ಮುತ್ತಿಗೆಯ ಕಥೆ ಮನೆಯೊಳಗೆ ಉಳಿಯದೆ ಇದ್ದೀತೆ? ಮೇಲಿನವನು ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು ನಮ್ಮ ಕುಲದ ಪದ್ಧತಿಯಲ್ಲ ಎಂಬ ಭಾವನೆಯಲ್ಲಿಯೇ ಬಾಬಾಸಾಹೇಬರು ಬೆಳೆದರೆಂದು ಊಹಿಸುವುದು ತಪ್ಪಾಗಲಾರದು.

1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಈ ಸೀಮೆಯೆಲ್ಲ ಕುಂಪಣಿಯ ಕೈಗೆ ಬಂದಾಗ ನರಗುಂದದವರು ಅದರೊಡನೆ ಒಪ್ಪಂದ ಮಾಡಿಕೊಂಡು ಸಂಸ್ಥಾನವನ್ನು ಉಳಿಸಿಕೊಂಡರು. ತಂದೆಯ ತರುವಾಯ ಗಾದಿಗೆ ಬಂದ ಭಾಸ್ಕರರಾಯರು ಸ್ವಭಾವದಿಂದ ಯುದ್ಧಪ್ರಿಯರಲ್ಲ. ಅವರು ಸಂಸ್ಕೃತ ವಿದ್ಯೆಯಲ್ಲಿ ಅಕ್ಕರೆಯುಳ್ಳವರು. ಸಾವಿರಾರು ಗ್ರಂಥಗಳ ಭಂಡಾರವನ್ನು ಕೂಡಿಸಿದ್ದವರು. ಅವರನ್ನು ಕಂಡ ಆಂಗ್ಲ ಅಧಿಕಾರಿಗಳೇ ಆ ಗ್ರಂಥಸಂಗ್ರಹವನ್ನು ಮೆಚ್ಚಿಕೊಂಡು ಬರೆದಿಟ್ಟಿದ್ದಾರೆ. ಓಲೆಗರಿ, ಹಸ್ತಪ್ರತಿಗಳ ಬೆಲೆ ತಿಳಿದವರಿಗೆ ಇದು ಚಿಕ್ಕ ಮಾತಲ್ಲವೆಂಬುದು ಗೊತ್ತಾಗುತ್ತದೆ. ಒಂದೊಂದು ಪ್ರತಿಯನ್ನೂ ಲಿಪಿಕಾರನಿಂದ ಬರೆಯಿಸಬೇಕು, ಅದಕ್ಕೆ ಧನ ಬೇಕು, ತಾಳ್ಮೆ ಬೇಕು, ಮಿಗಿಲಾಗಿ ರುಚಿ ಬೇಕು. ಇಂತಹ ರುಚಿಯುಳ್ಳ ಮನುಷ್ಯನು ರಕ್ತಪಾತವನ್ನು ಹವ್ಯಾಸವಾಗಿ ಹಿಡಿದವನಲ್ಲವೆಂಬುದನ್ನು ಓದುಗರು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬಾಬಾಸಾಹೇಬರ ಬಾಳಿನ ಮೊದಲನೆಯ ಗಾಯ ಪುತ್ರಶೋಕ. ಇದ್ದೊಬ್ಬ ಮಗನು ತೀರಿಕೊಂಡನು. ಮಗನಿಲ್ಲದವನು ದತ್ತಕ ತೆಗೆದುಕೊಳ್ಳುವುದು ನಮ್ಮ ಧರ್ಮಶಾಸ್ತ್ರಗಳು ಒಪ್ಪಿದ ಮಾರ್ಗ. ಶಾಸ್ತ್ರವನ್ನು ನಂಬಿದ ಗೃಹಸ್ಥನಿಗೆ ದತ್ತಕನೆಂದರೆ ಬರಿಯ ಆಸ್ತಿಯ ವಾರಸುದಾರನಲ್ಲ; ಪಿತೃಗಳಿಗೆ ತಿಲೋದಕ ಬಿಡುವವನು, ಕುಲದ ದೀಪ ಆರದಂತೆ ಕಾಯುವವನು. ಅವರು ಕುಂಪಣಿ ಸರಕಾರದ ಅನುಮತಿಯನ್ನು ಬೇಡಿದರು. ಅನುಮತಿ ದೊರೆಯಲಿಲ್ಲ. ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ಔರಸ ಪುತ್ರರಿಲ್ಲದ ಸಂಸ್ಥಾನಗಳನ್ನು ನುಂಗಿಹಾಕುವ ನೀತಿ ಬಿರುಸಾಗಿ ನಡೆದಿತ್ತು. 1848ರಲ್ಲಿ ಸಾತಾರಾ, ಮುಂದೆ ಝಾನ್ಸಿ, ನಾಗಪುರ ಹೀಗೆ ಒಂದೊಂದಾಗಿ ಹೋದವು. ನಮ್ಮ ಸೀಮೆಗೆ ಈ ಅನುಭವ ಅದಕ್ಕಿಂತ ಹಳೆಯದು. ಕಿತ್ತೂರಿನಲ್ಲಿ ಶಿವಲಿಂಗರುದ್ರಸರ್ಜನ ದತ್ತಕವನ್ನು ಒಪ್ಪದೆ ಧಾರವಾಡದ ಕಲೆಕ್ಟರ ಥ್ಯಾಕರೆ ಕೋಟೆಯ ಬಾಗಿಲಿಗೆ ಬಂದುದೂ, 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯದ ಗುಂಡಿಗೆ ಬಲಿಯಾದುದೂ ನಮ್ಮ ಮಕ್ಕಳೆಲ್ಲರೂ ಬಲ್ಲ ಸಂಗತಿಗಳು. ಕಿತ್ತೂರಿನ ಮಣ್ಣು ಆರುವುದರೊಳಗೆ ಅದೇ ಪ್ರಶ್ನೆ ನರಗುಂದದ ಬಾಗಿಲಿಗೆ ಬಂದು ನಿಂತಿತು.

ಎರಡನೆಯ ಗಾಯ ಇನಾಮ್ ಕಮಿಷನ್. 1852ರ ಕಾಯಿದೆಯ ಬಲದಿಂದ ಮುಂಬಯಿ ಸರಕಾರವು ಇನಾಮು, ಜಹಗೀರುಗಳ ಹಕ್ಕುಪತ್ರಗಳನ್ನು ಪರೀಕ್ಷಿಸತೊಡಗಿತು. ತಲೆಮಾರುಗಳಿಂದ ಅನುಭವಿಸುತ್ತ ಬಂದ ಭೂಮಿಗೆ ಸನದು ತೋರಿಸು ಎಂದರೆ ಎಷ್ಟು ಮನೆಗಳಲ್ಲಿ ಕಾಗದ ಸಿಕ್ಕೀತು? ಗೆದ್ದಲು ತಿಂದುದು ಎಷ್ಟೋ, ದಂಡಿನ ಕಾಲಕ್ಕೆ ಸುಟ್ಟುದು ಎಷ್ಟೋ. ಕೆಲವೇ ವರುಷಗಳಲ್ಲಿ ಸುಮಾರು 20000 ಇನಾಮುಗಳು ಮುಟ್ಟುಗೋಲಾದವೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ದೇಸಾಯಿ, ದೇಶಪಾಂಡೆ, ನಾಡಗೌಡರ ಮನೆಗಳಿಂದ ಹಿಡಿದು ದೇವಸ್ಥಾನದ ಪೂಜಾರಿಯ ತುಂಡುಹೊಲದವರೆಗೆ ಎಲ್ಲರ ಎದೆಯಲ್ಲೂ ಅಳುಕು ಹೊಕ್ಕಿತು. ಮುಂದೆ ಸುರೇಬಾನದಲ್ಲಿ ಹತನಾದ ಮ್ಯಾನ್ಸನ್ ಈ ಕಮಿಷನ್ನಿನ ಕೆಲಸದಲ್ಲಿ ದುಡಿದವನು. ಆದುದರಿಂದಲೇ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು ಅವನನ್ನು ತಮ್ಮ ಹಕ್ಕುಗಳನ್ನು ಕಸಿದುಕೊಂಡ ಕೈಯೆಂದು ಬಗೆದಿದ್ದರು.

ಮೂರನೆಯ ಗಾಯ ಆಯುಧಗಳಿಗೆ ಸಂಬಂಧಿಸಿದ್ದು. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳ ದಂಗೆಯೆದ್ದ ಮೇಲೆ ಸರಕಾರವು ಜನರ ಬಳಿಯಿದ್ದ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆಯನ್ನು ತಂದಿತು. ಹಲಗಲಿಯ ಬೇಡರು ತಮ್ಮ ಕೈಯ ಹತಾರುಗಳನ್ನು ಕೊಡಲು ನಿರಾಕರಿಸಿ ಅದೇ ವರುಷದ ನವೆಂಬರಿನಲ್ಲಿ ಹೋರಾಡಿ ಮಡಿದರು. ಸೆರೆ ಸಿಕ್ಕವರಲ್ಲಿ 19 ಮಂದಿ ನೇಣಿಗೇರಿದರು. 1858ರ ಫೆಬ್ರವರಿಯಲ್ಲಿ ಸುರಪುರದ ವೆಂಕಟಪ್ಪನಾಯಕನು ಎದ್ದು ಸೋತನು. ನರಗುಂದದ ಕೋಟೆಯಲ್ಲಿದ್ದ ತೋಪುಗಳನ್ನೂ ಮದ್ದನ್ನೂ ಒಪ್ಪಿಸಬೇಕೆಂದು ಬಾಬಾಸಾಹೇಬರಿಗೂ ಆಜ್ಞೆಯಾಯಿತು. ಕ್ಷಾತ್ರವನ್ನು ನಂಬಿ ಬಂದ ಸಂಸ್ಥಾನಿಕನಿಗೆ ತೋಪನ್ನು ಬಂಡಿಯ ಮೇಲೇರಿಸಿ ಕಳುಹಿಸುವುದೆಂದರೆ ಮಾನವನ್ನೇ ಬಂಡಿಯ ಮೇಲೇರಿಸಿದಂತೆ. ಮಗನು ಹೋದನು, ಮಗನನ್ನು ಪಡೆಯುವ ಹಕ್ಕು ಹೋಯಿತು, ಇನ್ನು ತನ್ನನ್ನು ತಾನು ಕಾಯ್ದುಕೊಳ್ಳುವ ಸಾಧನವೂ ಹೋಗುವುದಾದರೆ ಉಳಿಯುವುದೇನು ಎಂಬ ಪ್ರಶ್ನೆ ಅವರನ್ನು ಕಾಡಿರಲೇಬೇಕು.

ಇಂತಹ ಸಮಯದಲ್ಲಿ ಸರಕಾರದ ವ್ಯವಸ್ಥೆಯಲ್ಲಿಯೂ ಒಂದು ಬದಲಾವಣೆಯಾಯಿತು. ಸಂಸ್ಥಾನಿಕರ ಸ್ವಭಾವವನ್ನು ಅರಿತು ಮೆದುವಾಗಿ ನಡೆಯುತ್ತಿದ್ದ ಬೆಳಗಾವಿಯ ಕಲೆಕ್ಟರ ಸೇಟನ್‌ಕರ್‌ನ ಕೈಯಿಂದ 1858ರ ಮೇ ತಿಂಗಳಲ್ಲಿ ರಾಜಕೀಯ ವ್ಯವಹಾರಗಳನ್ನು ತೆಗೆದು, ಕೊಲ್ಹಾಪುರದ ಜೇಕಬ್ ಎಂಬ ಸೇನಾಧಿಕಾರಿಗೆ ಒಪ್ಪಿಸಲಾಯಿತು. ಜೇಕಬ್‌ನ ಕೈಕೆಳಗಿನವನಾಗಿ ಬಂದವನೇ ಮ್ಯಾನ್ಸನ್. ಪರಿಚಯದ ಮುಖ ಹೋಗಿ ಅಪ್ರಿಯವಾದ ಮುಖ ಬಂದಿತು.

ಬಂಡಾಯದ ಆಲೋಚನೆ ಬಾಬಾಸಾಹೇಬರೊಬ್ಬರದೇ ಆಗಿರಲಿಲ್ಲ. ಮುಂಡರಗಿಯ ಭೀಮರಾಯರು ಮೊದಲು ಸರಕಾರಿ ನೌಕರಿಯಲ್ಲಿದ್ದು ಹೊರಬಂದವರು. ಹಮ್ಮಿಗಿಯ ಕೆಂಚನಗೌಡರು ತುಂಗಭದ್ರೆಯ ದಂಡೆಯ ವೀರಗೌಡರು. ಇವರೆಲ್ಲ ಒಳಗೊಳಗೆ ಸೇರಿ ಸಮಯ ಕಾಯುತ್ತಿದ್ದರು. ಆದರೆ ಹಮ್ಮಿಗಿಯಲ್ಲಿ ಕೂಡಿಸಿಟ್ಟಿದ್ದ ಆಯುಧಗಳ ಗುಟ್ಟು ಅಧಿಕಾರಿಗಳಿಗೆ ತಿಳಿದುದರಿಂದ ಭೀಮರಾಯರು ತಡೆಯಲಾರದೆ ಮೇ ತಿಂಗಳ ಕೊನೆಯ ವಾರದಲ್ಲಿಯೇ ಎದ್ದರು. ಡಂಬಳದ ಖಜಾನೆಯನ್ನು ಹಿಡಿದು ಕೊಪ್ಪಳದ ಕೋಟೆಯನ್ನು ಸೇರಿದರು. ಹಣ್ಣಾಗುವ ಮೊದಲೇ ಕಾಯಿ ಉದುರಿತು. ಇನ್ನು ಸುಮ್ಮನಿದ್ದರೂ ತನ್ನ ಹೆಸರು ಹೊರಬೀಳುವುದು ನಿಶ್ಚಯವೆಂದು ಬಾಬಾಸಾಹೇಬರಿಗೆ ತೋರಿತು.

ಈ ಸುದ್ದಿಗಳ ನಡುವೆ ಮ್ಯಾನ್ಸನ್ ನರಗುಂದದ ಕಡೆಗೆ ಹೊರಟನು. ಸಂಸ್ಥಾನಿಕನೊಡನೆ ನೇರವಾಗಿ ಮಾತನಾಡಿ ಅವನನ್ನು ತಣ್ಣಗಾಗಿಸಬಹುದೆಂಬ ಭರವಸೆ ಅವನಿಗಿದ್ದಿತು. ದಾರಿಯಲ್ಲಿ ರಾಮದುರ್ಗ. ಅಲ್ಲಿಯ ಅಧಿಪತಿ ಬಾಬಾಸಾಹೇಬರ ಮಲಸಹೋದರರು. ಆದರೆ ಬಂಡಾಯದಲ್ಲಿ ಸೇರಲು ಅವರಿಗೆ ಮನಸ್ಸಿರಲಿಲ್ಲ. ತಮ್ಮನ್ನು ಬಂಡಾಯಕ್ಕೆ ಕರೆದು ನರಗುಂದದಿಂದ ಬಂದಿದ್ದ ಕಾಗದವನ್ನು ಅವರು ಮ್ಯಾನ್ಸನ್ನನಿಗೆ ತೋರಿಸಿದರು. ಇಷ್ಟು ಕಡಿಮೆ ಜನರೊಡನೆ ಮುಂದೆ ಹೋಗುವುದು ತರವಲ್ಲವೆಂದು ಎಚ್ಚರಿಸಿದರು. ಒಂದೇ ರಕ್ತದವರಲ್ಲಿ ಒಬ್ಬನು ಸಂಸ್ಥಾನವನ್ನು ಪಣಕ್ಕಿಟ್ಟನು, ಇನ್ನೊಬ್ಬನು ಉಳಿಸಿಕೊಂಡನು. ಯಾರು ಜಾಣರು, ಯಾರು ಧೀರರು ಎಂಬುದನ್ನು ಅವರವರ ಸ್ಥಾನದಲ್ಲಿ ನಿಂತು ನೋಡದೆ ಹೇಳುವುದು ಸುಲಭವಲ್ಲ. ಮ್ಯಾನ್ಸನ್ ಆ ಎಚ್ಚರಿಕೆಯನ್ನು ಪೂರ್ಣವಾಗಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಕೆಲವೇ ಸವಾರರ ಬೆಂಗಾವಲಿನಲ್ಲಿ ಪ್ರಯಾಣ ಮುಂದುವರಿಸಿ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದನು.

ಅವನ ಇರವಿನ ಸುದ್ದಿ ನರಗುಂದಕ್ಕೆ ಮುಟ್ಟಿತು. ಬಾಬಾಸಾಹೇಬರು ನೂರಾರು ಜನ ಕುದುರೆ, ಕಾಲಾಳುಗಳೊಡನೆ ಇರುಳಿನಲ್ಲಿಯೇ ಹೊರಟು ಸುರೇಬಾನವನ್ನು ಮುತ್ತಿದರು. ಮ್ಯಾನ್ಸನ್ ತನ್ನ ಪಲ್ಲಕ್ಕಿಯಲ್ಲಿಯೇ ನಿದ್ರಿಸಿದ್ದನು. ಗದ್ದಲಕ್ಕೆ ಎಚ್ಚೆತ್ತು ಪಿಸ್ತೂಲಿನಿಂದ ಗುಂಡು ಹಾರಿಸಿದನಾದರೂ ಅಷ್ಟು ಜನರೆದುರು ಒಬ್ಬನು ಏನು ಮಾಡಿಯಾನು? ಅವನ ಶಿರಚ್ಛೇದವಾಯಿತು, ದೇಹವನ್ನು ಅಲ್ಲಿ ಉರಿಯುತ್ತಿದ್ದ ಬೆಂಕಿಗೆ ಎಸೆದರು. ಜೊತೆಗಿದ್ದವರಲ್ಲಿಯೂ ಹಲವರು ಪ್ರಾಣ ಕಳೆದುಕೊಂಡರು. ತಲೆಯನ್ನು ನರಗುಂದಕ್ಕೆ ತಂದು ಊರ ಬಾಗಿಲಿಗೆ ತೂಗುಹಾಕಲಾಯಿತು.

ಮುಂದಿನ ಘಟನೆಗಳು ಬಿರುಗಾಳಿಯ ವೇಗದಲ್ಲಿ ನಡೆದವು. ಸುರಪುರದ ಬಂಡಾಯವನ್ನು ಅಡಗಿಸಲು ಹೋಗಿದ್ದ ಕರ್ನಲ್ ಮಾಲ್ಕಮ್ ಎಂಬವನೇ ಜೂನ್ 1ರಂದು ಸೈನ್ಯದೊಡನೆ ನರಗುಂದದೆದುರು ಬಂದು ನಿಂತನು. ಬಯಲಿನಲ್ಲಿ ನಡೆದ ಕಾಳಗದಲ್ಲಿ ನರಗುಂದದವರು ಹಿಮ್ಮೆಟ್ಟಿದರು. ಕೋಟೆಯ ಮದ್ದಿನಲ್ಲಿ ಮನೆಯೊಳಗಿನವರೇ ಕಲಬೆರಕೆ ಮಾಡಿದ್ದರೆಂಬ ಮಾತು ಜನರ ನೆನಪಿನಲ್ಲಿ ಉಳಿದುಬಂದಿದೆ. ಸೋತವರ ಕಥೆಗಳಲ್ಲಿ ಇಂತಹ ಮಾತು ಬರುವುದು ಸಹಜ. ಸೋಲಿನ ನೋವನ್ನು ಹೊರಲು ಜನರಿಗೆ ಒಬ್ಬ ದ್ರೋಹಿ ಬೇಕಾಗುತ್ತಾನೆ. ಮರುದಿನ ಕೋಟೆ ಬರಿದಾಗಿ ಶತ್ರುವಿನ ಕೈಸೇರಿತು. ಅದೇ ಜೂನ್ 1ರಂದು ಅತ್ತ ಕೊಪ್ಪಳದ ಕೋಟೆಯೂ ಬಿದ್ದು ಭೀಮರಾಯರೂ ಕೆಂಚನಗೌಡರೂ ವೀರಮರಣವನ್ನಪ್ಪಿದರು.

ಬಾಬಾಸಾಹೇಬರು ಕೆಲವೇ ಜನ ಅನುಚರರೊಡನೆ ಪಂಢರಪುರದ ಯಾತ್ರಿಕರ ವೇಷದಲ್ಲಿ ತೊರಗಲ್ಲಿನ ಅಡವಿಯನ್ನು ಹೊಕ್ಕರು. ಪೊಲೀಸ್ ಅಧಿಕಾರಿ ಫ್ರ್ಯಾಂಕ್ ಸೌಟರ್ ಜಾಡು ಹಿಡಿದು ಹೋಗಿ ಜೂನ್ 2ರ ಸಂಜೆ ಅವರನ್ನು ಸೆರೆಹಿಡಿದನು. ಈ ಸೌಟರನೇ ಮುಂದೆ ಬಹುಕಾಲ ಮುಂಬಯಿ ನಗರದ ಪೊಲೀಸ್ ಕಮಿಷನರನಾಗಿದ್ದನು. ಅರಮನೆಯನ್ನು ಬಿಟ್ಟು ಹೊರಟ ಬಾಬಾಸಾಹೇಬರ ತಾಯಿಯೂ ಪತ್ನಿಯೂ ಮಲಪ್ರಭೆಯ ಮಡುವಿನಲ್ಲಿ ದೇಹತ್ಯಾಗ ಮಾಡಿದರು. ಬೆಳಗಾವಿಯಲ್ಲಿ ವಿಚಾರಣೆ ನಡೆದು ಮರಣದಂಡನೆಯಾಯಿತು. 1858ರ ಜೂನ್ 12ರಂದು ಬಾಬಾಸಾಹೇಬರನ್ನು ನೇಣಿಗೇರಿಸಲಾಯಿತು. ಸುರೇಬಾನದ ರಾತ್ರಿಯಿಂದ ನೇಣುಗಂಬದವರೆಗೆ ಸಂದುದು ಕೇವಲ 14 ದಿನಗಳು. ಸಂಸ್ಥಾನ ಕುಂಪಣಿಯ ರಾಜ್ಯದಲ್ಲಿ ಲೀನವಾಯಿತು.

ಇಲ್ಲಿಯವರೆಗೆ ಕಥೆ, ಇನ್ನು ವಿಚಾರ. ಈ ವಧೆಯನ್ನು ಏನೆಂದು ಕರೆಯೋಣ? ನಮ್ಮ ಹಾನಗಲ್ಲು ವಿರಾಟನಗರವೆಂದು ಶಾಸನಗಳಲ್ಲಿಯೂ ಐತಿಹ್ಯದಲ್ಲಿಯೂ ಹೆಸರುವಾಸಿಯಾದ ಊರು. ಭೀಮಸೇನನು ಕೀಚಕನನ್ನು ಇರುಳಿನಲ್ಲಿ, ಕತ್ತಲ ನಾಟ್ಯಶಾಲೆಯಲ್ಲಿ ಕೊಂದನು. ಆದರೂ ಆ ವಧೆಯನ್ನು ಲೋಕ ನಿಂದಿಸಲಿಲ್ಲ. ಯಾಕೆಂದರೆ ದ್ರೌಪದಿಗೆ ನ್ಯಾಯ ಕೊಡಬೇಕಾಗಿದ್ದ ರಾಜಸಭೆ ಮೌನವಾಗಿದ್ದಿತು, ಕೊಂದದ್ದು ಅಪರಾಧಿಯೊಬ್ಬನನ್ನೇ, ಅದೂ ಎದುರುಬದುರಾಗಿ ಹೋರಾಡಿ. ಅದೇ ಭಾರತದಲ್ಲಿ ಅಶ್ವತ್ಥಾಮನೂ ಇರುಳಿನಲ್ಲಿಯೇ ಕೊಂದನು. ಅವನಿಗೂ ತಂದೆಯ ಸಾವಿನ ನೋವಿತ್ತು, ಆ ನೋವಿಗೆ ಕಾರಣವೂ ಇತ್ತು. ಆದರೆ ಮಲಗಿದ್ದವರನ್ನು ಕೊಂದುದರಿಂದ ಅವನ ನೋವಿನ ನ್ಯಾಯವೆಲ್ಲ ಕರಗಿಹೋಯಿತು. ನೊಂದವನ ನ್ಯಾಯವೂ ಅವನ ಕೃತ್ಯದ ನ್ಯಾಯವೂ ಬೇರೆ ಬೇರೆಯೆಂಬುದನ್ನು ವ್ಯಾಸರು ಈ ಎರಡು ಪ್ರಸಂಗಗಳಿಂದ ತಿಳಿಯಪಡಿಸಿದ್ದಾರೆ.

ಬಾಬಾಸಾಹೇಬರ ಸುರೇಬಾನ ಈ ಎರಡರ ನಡುವೆ ನಿಂತಿದೆ. ಅವರ ಅಹವಾಲಿಗೆ ಕಿವಿಗೊಡಬೇಕಾದ ಸಭೆ ಕೀಚಕನ ಕಾಲದ ಸಭೆಯಂತೆಯೇ ಕಿವುಡಾಗಿದ್ದಿತು. ಅರ್ಜಿ ಬರೆದು, ಕಾದು, ಬೇಡಿ ಬೇಸತ್ತ ಮೇಲೆಯೇ ಅವರು ಖಡ್ಗವನ್ನು ಹಿಡಿದರು. ಬಂಡಾಯವನ್ನು ಸಾರಿದವನಿಗೆ ಎದುರಾಳಿಯ ಅಧಿಕಾರಿ ಶತ್ರುವೇ ಸರಿ. ಇದು ಅವರ ಪಕ್ಷದ ಮಾತು. ಆದರೆ ಸತ್ತವನು ನಿದ್ದೆಯಿಂದೆದ್ದವನು, ದಾರಿಯ ಆಯಾಸದಲ್ಲಿದ್ದವನು, ತಾನು ಮಾಡಿದ ಕಾಯಿದೆಯಲ್ಲ, ತನ್ನ ಮೇಲಿನವರು ಮಾಡಿದ ಕಾಯಿದೆಯನ್ನು ನಡೆಸಲು ಬಂದವನು. ಅವನೊಡನೆ ಸತ್ತವರಿಗಂತೂ ದತ್ತಕ ನಿಷೇಧದಲ್ಲಾಗಲಿ ಇನಾಮಿನ ಮುಟ್ಟುಗೋಲಿನಲ್ಲಾಗಲಿ ಯಾವ ಪಾಲೂ ಇರಲಿಲ್ಲ. ಹೊಟ್ಟೆಪಾಡಿಗೆ ಸಾಹೇಬನ ಬೆನ್ನು ಹಿಡಿದು ಬಂದವರು ಅವರು. ಅವರಿಗಾಗಿ ಯಾರೂ ಲಾವಣಿ ಕಟ್ಟಲಿಲ್ಲ, ಯಾವ ದಾಖಲೆಯೂ ಮರುಗಲಿಲ್ಲ. ತಲೆಯನ್ನು ಬಾಗಿಲಿಗೆ ತೂಗಿದ್ದೂ ಶೌರ್ಯದ ಲಕ್ಷಣವಲ್ಲ, ಅದು ಕ್ರೋಧದ ಲಕ್ಷಣ. ವೀರನನ್ನು ಗೌರವಿಸುವವರು ಇದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ.

ಆ ಕೃತ್ಯದಿಂದ ಸಿಕ್ಕ ಫಲವನ್ನೂ ನೋಡಬೇಕು. ದತ್ತಕ ಸಿಗಲಿಲ್ಲ, ಕುಲವೇ ಅಳಿಯಿತು. ಒಬ್ಬ ಮ್ಯಾನ್ಸನ್ ಹೋದ ಸ್ಥಳಕ್ಕೆ ಇನ್ನೊಬ್ಬನು ಬಂದನು. ಅಧಿಕಾರಿಯ ತಲೆ ಬೀಳಬಹುದು. ಅಧಿಕಾರಿಯನ್ನು ಕಳುಹಿಸಿದ ವ್ಯವಸ್ಥೆಗೆ ಒಂದು ತಲೆಯೆಂಬುದಿಲ್ಲ. ಆದರೆ ಅದೇ 1858ರ ನವೆಂಬರ್ 1ರಂದು, ಎಂದರೆ ಬಾಬಾಸಾಹೇಬರ ಮರಣದ ಐದೇ ತಿಂಗಳಿಗೆ, ವಿಕ್ಟೋರಿಯಾ ರಾಣಿಯ ಘೋಷಣೆ ಹೊರಟು ಕುಂಪಣಿಯ ಆಳಿಕೆ ಮುಗಿಯಿತು. ದೇಶೀಯ ಅರಸರ ಹಕ್ಕುಗಳನ್ನು ಗೌರವಿಸುವುದಾಗಿ ವಚನ ಕೊಡಲಾಯಿತು. ಮುಂದಿನ ಕೆಲವೇ ವರುಷಗಳಲ್ಲಿ ಲಾರ್ಡ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನೇ ಹಂಚಿದನು. ಯಾವ ಹಕ್ಕನ್ನು ಬೇಡಿ ನರಗುಂದವು ಉರಿದು ಬೂದಿಯಾಯಿತೋ ಆ ಹಕ್ಕು ಉಳಿದವರಿಗೆ ಕೇಳದೆಯೇ ದೊರೆಯಿತು. ಇದು ಸುರೇಬಾನದ ಒಂದು ಕೊಲೆಯಿಂದ ಆದುದಲ್ಲ. ದೇಶದ ಉದ್ದಗಲಕ್ಕೆ ಜನರು ಎದ್ದುನಿಂತುದರಿಂದ ಆದುದು. ಆ ಎದ್ದುನಿಂತವರಲ್ಲಿ ಬಾಬಾಸಾಹೇಬರೂ ಒಬ್ಬರು ಎಂಬುದೇ ಅವರ ನಿಜವಾದ ಹಿರಿಮೆ.

ನರಗುಂದದ ಹೆಸರು ಮತ್ತೊಮ್ಮೆ 1980ರ ಜುಲೈ 21ರಂದು ನಾಡಿಗೆಲ್ಲ ಕೇಳಿಬಂದಿತು. ಆಗ ಎದ್ದವರು ಸಂಸ್ಥಾನಿಕರಲ್ಲ, ಮಲಪ್ರಭೆಯ ನೀರಾವರಿ ಕರದ ಭಾರಕ್ಕೆ ಬೇಸತ್ತ ರೈತರು. ಅಂದೂ ಗೋಲಿಬಾರಿನಲ್ಲಿ ರೈತರು ಸತ್ತರು, ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಕಾಲ ಬೇರೆ, ಸರಕಾರ ಬೇರೆ. ಆದರೂ ಅಹವಾಲು ಕಿವುಡಾದ ಬಾಗಿಲಿಗೆ ಬಡಿದು ಬಡಿದು ಕೈ ಸೋತಾಗ ರಕ್ತ ಹರಿಯುತ್ತದೆ, ಆ ರಕ್ತ ಎರಡೂ ಕಡೆಯ ಬಡವರದಾಗಿರುತ್ತದೆ ಎಂಬ ಪಾಠ ಬೇರೆಯಾಗಲಿಲ್ಲ.

ನಮ್ಮ ಶಾಲೆಯ ವಿದ್ಯಾರ್ಥಿಗಳು ಎಂದಾದರೂ ನರಗುಂದಕ್ಕೆ ಹೋದರೆ ಗುಡ್ಡವನ್ನೇರಿ ನೋಡಲಿ. ಲಾವಣಿಯನ್ನು ಕೇಳಲಿ, ಇತಿಹಾಸದ ಪುಸ್ತಕವನ್ನೂ ಓದಲಿ. ಒಂದನ್ನು ಮಾತ್ರ ಓದಿದವರಿಗೆ ಬಾಬಾಸಾಹೇಬರು ದೇವರಾಗಿ ಕಾಣುತ್ತಾರೆ, ಇಲ್ಲವೆ ಕೊಲೆಗಾರರಾಗಿ ಕಾಣುತ್ತಾರೆ. ಎರಡನ್ನೂ ಓದಿದವರಿಗೆ ಮಗನನ್ನು ಕಳೆದುಕೊಂಡ ತಂದೆಯೊಬ್ಬನು, ಗ್ರಂಥಪ್ರೇಮಿಯೊಬ್ಬನು, ಮಾನವನ್ನು ಪ್ರಾಣಕ್ಕಿಂತ ಹೆಚ್ಚೆಂದು ಬಗೆದ ಸಂಸ್ಥಾನಿಕನೊಬ್ಬನು ಕಾಣುತ್ತಾನೆ. ಮುಂದೆ ಅಧಿಕಾರದ ಆಸನದಲ್ಲಿ ಕುಳಿತುಕೊಳ್ಳುವ ಭಾಗ್ಯ ಈ ಮಕ್ಕಳಲ್ಲಿ ಯಾರಿಗಾದರೂ ಬಂದರೆ, ಬಾಗಿಲಿಗೆ ಬಂದವನ ಅರ್ಜಿಯನ್ನು ಅವನ ಕೈ ಆಯುಧದ ಕಡೆಗೆ ಹೋಗುವ ಮೊದಲೇ ಓದುವ ವಿವೇಕ ಅವರಿಗಿರಲಿ. ನೊಂದವರ ಸಾಲಿನಲ್ಲಿ ನಿಲ್ಲುವ ಪ್ರಸಂಗ ಬಂದರೆ, ತಮ್ಮ ನ್ಯಾಯಕ್ಕೆ ಕಲೆ ತಗಲದಂತೆ ಹೋರಾಡುವ ಧೈರ್ಯವೂ ಅವರಿಗಿರಲಿ.